ಲಂಡನ್ ಧ್ವನಿಮುದ್ರಿಕೆಗಳ ಹಿಂದೆ ಮೈಸೂರು ಅರಸ

ಕುರುಗೋಡು: 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯು ಮದ್ರಾಸಿನಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಅಂದು ಕುರುಗೋಡು, ಸಿರುಗುಪ್ಪ ಸೀಮೆಯ ಜನರಿಗೆ ರಾಜಪ್ರಮುಖರಾಗಿ ದೊರೆತವರು ಜಯಚಾಮರಾಜ ಒಡೆಯರ್. ಅಂಬಾರಿಯ ಚಿತ್ರಗಳಲ್ಲಿ ಅವರನ್ನು ಕಂಡವರು ಬಹಳ ಮಂದಿ. ಆದರೆ ಅವರ ಹಣದಿಂದ ಲಂಡನ್ನಿನಲ್ಲಿ ಗ್ರಾಮಫೋನ್ ಆಲ್ಬಂಗಳು ಹೊರಬಂದ ಸಂಗತಿ ಬಲ್ಲವರು ಕೆಲವರೇ.

1919ರ ಜುಲೈ 18ರಂದು ಜನಿಸಿದ ಅವರಿಗೆ ಪಿಯಾನೋ ವಾದಕರಾಗುವ ಹಂಬಲವಿತ್ತು. 1940ರ ಮಾರ್ಚ್‌ನಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರ್, ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ನಿಧನರಾದರು. ಇಪ್ಪತ್ತೊಂದರ ಯುವಕನ ಹೆಗಲಿಗೆ ಸಿಂಹಾಸನದ ಹೊಣೆ ಬಿತ್ತು. ವೇದಿಕೆಯ ಕನಸು ಅಲ್ಲಿಗೆ ನಿಂತಿತು. ಸಂಗೀತ ನಿಲ್ಲಲಿಲ್ಲ.

ಅದೇ ಕಾಲದಲ್ಲಿ ರಷ್ಯಾ ಮೂಲದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದ ದಿನಗಳನ್ನು ಕಳೆಯುತ್ತಿದ್ದರು. ಮಹಾಯುದ್ಧದಿಂದ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಆದಾಯ ನಿಂತಿತ್ತು. ಹೃದಯವೂ ದುರ್ಬಲವಾಗಿತ್ತು. ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಉಳಿಸಿಕೊಳ್ಳಲು ಒಡೆಯರು ಮುಂದಾದರು. ಅವರ ನೆರವಿನಿಂದ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು. ಎಚ್‌.ಎಂ.ವಿ. ಸಂಸ್ಥೆಯ ಮೂಲಕ ಧ್ವನಿಮುದ್ರಣ ನಡೆಯಿತು.

ಆಗಿನ 78 ವೇಗದ ತಟ್ಟೆಯ ಒಂದು ಬದಿಯಲ್ಲಿ ನಾಲ್ಕೈದು ನಿಮಿಷಗಳ ಸಂಗೀತವಷ್ಟೇ ಹಿಡಿಯುತ್ತಿತ್ತು. ಅರ್ಧ ಗಂಟೆಯ ಕೃತಿಗೆ ಹಲವು ತಟ್ಟೆಗಳು ಬೇಕು. ಅವನ್ನೆಲ್ಲ ಪುಸ್ತಕದಂತೆ ಒಟ್ಟಿಗೆ ಕಟ್ಟಿ ಮಾರುತ್ತಿದ್ದುದರಿಂದಲೇ ಆಲ್ಬಂ ಎಂಬ ಹೆಸರು. (ಇಂದಿನ ರಾಕ್ ತಂಡಗಳು ಬಳಸುವ ಶಬ್ದವೂ ಅದೇ.) 1947ರಲ್ಲಿ ಮೆಟ್ನರ್ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ತಮ್ಮ ಮೂರೂ ಪಿಯಾನೋ ಕಾನ್ಸರ್ಟೊಗಳನ್ನು ನುಡಿಸಿದರು. ಮೂರನೆಯದನ್ನು ಕೃತಜ್ಞತೆಯಿಂದ ಒಡೆಯರಿಗೆ ಅರ್ಪಿಸಿದರು. 1951ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಕೆಲವೇ ವರ್ಷ ತಡವಾಗಿದ್ದರೂ ಆ ವಾದನ ನಮಗೆ ಸಿಗುತ್ತಿರಲಿಲ್ಲ.

ಫಿಲ್‌ಹಾರ್ಮೋನಿಯಾಕ್ಕೂ ಒಡೆಯರು ವರ್ಷಕ್ಕೆ 10 ಸಾವಿರ ಪೌಂಡುಗಳಂತೆ ಮೂರು ವರ್ಷ ನೆರವು ಘೋಷಿಸಿದರು. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಸಿದವು. ಅದಕ್ಕೆ 4,800 ಡಾಲರ್‌ಗಳ ಖಾತರಿ ನೀಡಿದವರು ಒಡೆಯರೇ. ಸ್ವತಃ ಹೋಗಲಾಗದೆ, ಅದರ ಮುದ್ರಣವನ್ನು ಮೈಸೂರಿಗೆ ತರಿಸಿಕೊಂಡರು.

ಪ್ರಜೆಗಳ ರಾಜ್ಯದಲ್ಲಿ ಈ ವೆಚ್ಚ ತರವೇ ಎಂಬ ಪ್ರಶ್ನೆ ಅನುಚಿತವೇನಲ್ಲ. ಆದರೆ ಅವರು ಪಾಶ್ಚಾತ್ಯ ಸಂಗೀತಕ್ಕೆ ಮಾರುಹೋಗಿ ಮನೆಯದನ್ನು ಮರೆತವರಲ್ಲ. ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಸಂಗೀತ ಕೃತಿಗಳನ್ನು, ಹಲವನ್ನು ಅಪರೂಪದ ರಾಗಗಳಲ್ಲಿ, ರಚಿಸಿದರು.

1956ರಲ್ಲಿ ಏಕೀಕೃತ ರಾಜ್ಯದ ಮೊದಲ ರಾಜ್ಯಪಾಲರಾದ ಅವರು, ಬಳಿಕ ಮದ್ರಾಸಿನ ರಾಜ್ಯಪಾಲರೂ ಆಗಿ, 1974ರ ಸೆಪ್ಟೆಂಬರ್ 23ರಂದು ನಿಧನರಾದರು. ಮೆಟ್ನರ್ ಮುದ್ರಿಕೆಗಳು 1990ರ ದಶಕದಲ್ಲಿ ಸಿ.ಡಿ. ರೂಪದಲ್ಲಿ ಮರಳಿ ಬಂದವು.