ದಾಸರಾಗಿದ್ದ ಪೋಪ್ ಸಂತ ಕಲ್ಲಿಸ್ತುಸ್

ದಾಸರು ತಮ್ಮ ಯಜಮಾನರನ್ನು ಗೌರವಿಸಬೇಕು, ಯಜಮಾನರು ಕ್ರೈಸ್ತರಾಗಿದ್ದರೆ ಸಹೋದರರೆಂಬ ಸಲಿಗೆಯಿಂದ ಅಸಡ್ಡೆ ಮಾಡದೆ ಇನ್ನೂ ಚೆನ್ನಾಗಿ ಸೇವೆ ಮಾಡಬೇಕು ಎಂದು ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರ ಬೋಧಿಸುತ್ತದೆ. ಬೈಬಲಿನಲ್ಲಿ ಇದನ್ನು ಓದುವಾಗ ನಿಮ್ಮ ಮನಸ್ಸಿಗೆ ಕಸಿವಿಸಿಯಾಗಿರಬಹುದು. ಆ ಬೋಧನೆಯ ಭಾರವನ್ನು ಸ್ವತಃ ಹೊತ್ತವರೊಬ್ಬರು ಮುಂದೆ ಸಂತ ಪೇತ್ರರ ಪೀಠವನ್ನೇರಿದರು. ಅವರೇ ಸಂತ ಕಲ್ಲಿಸ್ತುಸ್.

ಎರಡನೆಯ ಶತಮಾನದ ಕೊನೆಯಲ್ಲಿ ಅವರು ರೋಮಿನಲ್ಲಿ ಕಾರ್ಪೊಫೋರಸ್ ಎಂಬವನ ದಾಸರಾಗಿದ್ದರು. ಯಜಮಾನನೂ ಕ್ರೈಸ್ತನೇ. ಲೇವಾದೇವಿ ನಡೆಸಲು ಆತ ಇವರಿಗೆ ಹಣ ಕೊಟ್ಟ. ಯಜಮಾನನ ಹೆಸರನ್ನು ನಂಬಿ ವಿಧವೆಯರೂ ಇತರ ಕ್ರೈಸ್ತರೂ ತಮ್ಮ ಉಳಿತಾಯವನ್ನು ಅಲ್ಲಿಟ್ಟರು. ಆ ಹಣವೆಲ್ಲ ಮುಳುಗಿತು. ಹೆದರಿ ಓಡಿದ ಕಲ್ಲಿಸ್ತುಸರನ್ನು ಬಂದರಿನಲ್ಲಿ ಹಿಡಿದು ತಂದು, ಬೀಸುವ ಕಲ್ಲು ತಿರುಗಿಸುವ ಶಿಕ್ಷೆಗೆ ಹಾಕಲಾಯಿತು. ಯೋಚಿಸಿ ನೋಡಿ, ಒಂದೇ ವಿಶ್ವಾಸದ ಇಬ್ಬರಲ್ಲಿ ಒಬ್ಬ ಯಜಮಾನ, ಇನ್ನೊಬ್ಬ ಬೀಸುವ ಕಲ್ಲಿನಲ್ಲಿ! ಓಡಿಹೋಗಿದ್ದ ದಾಸ ಒನೇಸಿಮನನ್ನು ಪ್ರಿಯ ಸಹೋದರನಂತೆ ಸ್ವೀಕರಿಸು ಎಂದು ಸಂತ ಪೌಲರು ಫಿಲೆಮೋನನನ್ನು ಬೇಡಿಕೊಂಡಿದ್ದು ಇದಕ್ಕೂ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ.

ಮುಂದೆ ಒಂದು ಗಲಭೆಯ ಪ್ರಕರಣದಲ್ಲಿ ಅವರನ್ನು ಸಾರ್ದೀನಿಯ ದ್ವೀಪದ ಗಣಿಗಳಿಗೆ ಅಟ್ಟಲಾಯಿತು. ಅಲ್ಲಿಂದ ಬಿಡುಗಡೆಯಾಗಿ ಬಂದವರಿಗೆ ಪೋಪ್ ಜೆಫಿರಿನುಸರು ಆಪ್ಪಿಯ ಹೆದ್ದಾರಿಯ ಬಳಿಯ ಕ್ರೈಸ್ತ ಸಮಾಧಿ ಭೂಮಿಯ ಹೊಣೆ ವಹಿಸಿದರು. ನೆಲದಡಿಯ ಆ ಸಮಾಧಿಗಳು ಇಂದಿಗೂ ಅವರ ಹೆಸರಿನಲ್ಲೇ ಇವೆ. ಸುಮಾರು 217ರಲ್ಲಿ ಅವರೇ ಪೋಪರಾದರು.

ಆಗಿನ ರೋಮನ್ ಕಾನೂನಿನ ಪ್ರಕಾರ ದಾಸನಿಗೆ ಮದುವೆಯೆಂಬುದೇ ಇರಲಿಲ್ಲ. ದಾಸನ ಕೈಹಿಡಿದ ಸ್ವತಂತ್ರ ಸ್ತ್ರೀಯನ್ನು ಕಾನೂನು ಹೆಂಡತಿಯೆಂದು ಒಪ್ಪುತ್ತಿರಲಿಲ್ಲ. ಕಲ್ಲಿಸ್ತುಸರು ಅಂತಹ ದಾಂಪತ್ಯವನ್ನು ಧರ್ಮಸಭೆಯೊಳಗೆ ನಿಜವಾದ ವಿವಾಹವೆಂದು ಮಾನ್ಯ ಮಾಡಿದರು. ಘೋರ ಪಾಪ ಮಾಡಿದವರಿಗೂ ಪಶ್ಚಾತ್ತಾಪಪಟ್ಟರೆ ಕ್ಷಮೆಯುಂಟೆಂದರು. ಪಂಡಿತ ಹಿಪ್ಪೊಲಿತುಸರು ಇದೆಲ್ಲ ಸಡಿಲತನವೆಂದು ಕಟುವಾಗಿ ಖಂಡಿಸಿ, ಬೇರೆ ಗುಂಪನ್ನೇ ಕಟ್ಟಿದರು. ಕಲ್ಲಿಸ್ತುಸರ ಬಾಳಿನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನದು ಈ ವಿರೋಧಿಯ ಲೇಖನಿಯಿಂದಲೇ ಬಂದದ್ದು. 235ರಲ್ಲಿ ಹಿಪ್ಪೊಲಿತುಸರೂ ಅದೇ ಸಾರ್ದೀನಿಯಕ್ಕೆ ಗಡೀಪಾರಾದರು. ಧರ್ಮಸಭೆ ಇಂದು ಇಬ್ಬರನ್ನೂ ಸಂತರೆಂದು ಗೌರವಿಸುತ್ತದೆ. ಕಲ್ಲಿಸ್ತುಸರು 222ರಲ್ಲಿ ಮಡಿದರು. ರಕ್ತಸಾಕ್ಷಿಯಾದ ಅವರ ಹಬ್ಬ ಅಕ್ಟೋಬರ್ 14.

ಅವರು ದಾಸ್ಯವನ್ನು ರದ್ದುಪಡಿಸಲಿಲ್ಲ, ನಿಜ. ಆದರೆ ಯಜಮಾನರನ್ನು ಗೌರವಿಸಿರೆಂದು ದಾಸರಿಗೆ ಹೇಳುವ ಧರ್ಮಸಭೆ ದಾಸರ ಮಾನವನ್ನೂ ಕಾಯಬೇಕೆಂದು ತೋರಿಸಿಕೊಟ್ಟರು. ವಾಚಕರೇ, ನಿಮ್ಮ ಮನೆಯ ಪಾತ್ರೆ ತೊಳೆಯುವ, ತೋಟದಲ್ಲಿ ದುಡಿಯುವವರಿಂದ ನೀವು ಗೌರವ ಬಯಸುತ್ತೀರಿ. ಅವರಿಗೂ ಒಂದು ಸಂಸಾರವಿದೆ, ಹಬ್ಬಹುಣ್ಣಿಮೆಯಿದೆ. ಅದನ್ನು ನೀವು ಗೌರವಿಸುತ್ತೀರಾ? ಇಂದು ರಾತ್ರಿ ಕುಟುಂಬ ಪ್ರಾರ್ಥನೆಗೆ ಕೂರುವಾಗ ಈ ಪ್ರಶ್ನೆ ನಿಮ್ಮೆದುರಿಗಿರಲಿ.