ಶ್ರುತಿಯೇ ದೃಷ್ಟಿಯಾದ ಪಂಚಾಕ್ಷರ ಗವಾಯಿಗಳು

ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ, ನೀಲಮ್ಮ ಎಂಬ ಶಿವಭಕ್ತ ದಂಪತಿಗಳಿದ್ದರು. 1892ರಲ್ಲಿ ಅವರ ಉದರದಲ್ಲಿ ಜನಿಸಿದ ಶಿಶುವಿಗೆ ಗದಿಗೆಯ್ಯನೆಂದು ನಾಮಕರಣವಾಯಿತು. ಕೂಸಿಗೆ ಕಣ್ಣಿರಲಿಲ್ಲ. ಸೋದರನಾದ ಗುರುಬಸಯ್ಯನೂ ಜನ್ಮಾಂಧನೇ. ಬಡವರ ಮನೆಯ ಕುರುಡು ಮಕ್ಕಳಿಗೆ ಅಂದು ಬಹುಮಟ್ಟಿಗೆ ಉಳಿದಿದ್ದುದು ಪರರ ಬಾಗಿಲು ಕಾಯುವ ಬಾಳು. ಆದರೆ ಈ ಸೋದರರ ಕಿವಿ ಅಸಾಧಾರಣವಾದುದು. ಊರಿನಲ್ಲಿ ಕೇಳಿದ ಹಾಡನ್ನು ಕೇಳಿದಂತೆಯೇ ಒಪ್ಪಿಸುತ್ತಿದ್ದರು.

ಆ ಕಂಠಗಳ ಬೆಲೆಯನ್ನು ಅರಿತವರು ಹಾನಗಲ್ಲ ಕುಮಾರ ಮಹಾಸ್ವಾಮಿಗಳು. ಮಲಪ್ರಭೆಯ ತಟದಲ್ಲಿ 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಆ ಪೂಜ್ಯರು ಬಾಲಕರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತಾಭ್ಯಾಸಕ್ಕೆ ಏರ್ಪಾಡು ಮಾಡಿದರು. ಗುರುಬಸಯ್ಯನು ಅಲ್ಪಾಯುವಾದನು. ಗದಿಗೆಯ್ಯನು ಮೈಸೂರಿನಲ್ಲಿ ಕರ್ನಾಟಕ ಪದ್ಧತಿಯನ್ನೂ ಬಳಿಕ ನೀಲಕಂಠ ಬುವಾ ಮಿರಜಕರರಲ್ಲಿ ಹಿಂದೂಸ್ಥಾನಿ ಪದ್ಧತಿಯನ್ನೂ ಕಲಿತು, ಪಂಚಾಕ್ಷರ ಗವಾಯಿಗಳೆನಿಸಿ, ಉಭಯಗಾನ ವಿಶಾರದರೆಂದು ಖ್ಯಾತರಾದರು.

ಸ್ವರಲಿಪಿಯನ್ನು ಕಾಣಲಾರದವನು ಎರಡು ಪದ್ಧತಿಗಳನ್ನು ಕಲಿಯುವುದೆಂತು? ಶ್ರವಣವೊಂದೇ ಅದಕ್ಕೆ ಮಾರ್ಗ. ಶ್ರವಣದಲ್ಲಿ ಮೊದಲು ಹಿಡಿಯಬೇಕಾದುದು ಆಧಾರಷಡ್ಜ. ಹಾಡು ಎಷ್ಟು ಎತ್ತರಕ್ಕೆ ಏರಿದರೂ ಕಡೆಗೆ ಒಂದು ಸ್ವರಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ನಿಂತಾಗ ಕಿವಿ ಮತ್ತೇನನ್ನೂ ಬಯಸದು. ಅದೇ ಷಡ್ಜ. ಅದನ್ನು ಗುನುಗುತ್ತ ತಂಬೂರಿಯ ತಂತಿಯನ್ನು ಬಿಗಿದರೆ, ಸರಿಹೊಂದುವವರೆಗೆ ನಾದವು ಅಲೆಯಲೆಯಾಗಿ ಕಂಪಿಸುತ್ತದೆ. ಹೊಂದಿದೊಡನೆ ಅಲೆ ಅಡಗುತ್ತದೆ. ಅನಂತರವೇ ಉಳಿದ ಸ್ವರಗಳ ಪರಿಚಯ. ಮೋಹನರಾಗದ ಐದು ಸ್ವರಗಳನ್ನೇ ತೆಗೆದುಕೊಳ್ಳಿರಿ. ಅದರ ರಿಷಭವನ್ನು ಷಡ್ಜವೆಂದು ಹಿಡಿದರೆ ಅವೇ ಸ್ವರಗಳು ಮಧ್ಯಮಾವತಿಯಾಗುತ್ತವೆ. ಗಾಂಧಾರವನ್ನು ಹಿಡಿದರೆ ಹಿಂದೋಳ. ಉತ್ತರಾದಿಯವರು ಮೋಹನವನ್ನು ಭೂಪವೆಂದೂ ಹಿಂದೋಳವನ್ನು ಮಾಲಕಂಸವೆಂದೂ ಕರೆಯುತ್ತಾರೆ. ಆದುದರಿಂದ ಷಡ್ಜವನ್ನು ತಪ್ಪಿದವನು ಸ್ವರಗಳನ್ನೆಲ್ಲ ಸರಿಯಾಗಿ ಕೇಳಿಯೂ ರಾಗವನ್ನು ತಪ್ಪುತ್ತಾನೆ.

ದಾವಣಗೆರೆಯ ಬಳಿಯ ಆನಗೋಡಿನಂಥ ಊರುಗಳ ಭಜನೆಯವರಿಗೂ ಈ ವಿಚಾರ ಹೊಸದಲ್ಲ. ಹಾರ್ಮೋನಿಯಂ ನುಡಿಸುವವನು ಹಾಡುವವನ ಮೊದಲ ಸೊಲ್ಲನ್ನು ಕೇಳಿ, ಕರಿ ಒಂದೋ ಬಿಳಿ ಎರಡೋ ಎಂದು ಮನೆಯನ್ನು ಹುಡುಕಿಕೊಳ್ಳುತ್ತಾನೆ. ಕೆಲವರು ಮಾತ್ರ, ತಾಳಮಾನಗಳನ್ನು ತಾನರಿಯೆನೆಂದು ಬಸವಣ್ಣನವರೇ ಹೇಳಿಲ್ಲವೆ ಎಂದು ಅಪಶ್ರುತಿಗೆ ಆಶ್ರಯ ಹುಡುಕುವುದುಂಟು. ಇದು ಸರಿಯಲ್ಲ. ತನ್ನ ಕಾಯವನ್ನೇ ವೀಣೆಯ ದಂಡಿಗೆಯಾಗಿಯೂ ನರಗಳನ್ನೇ ತಂತಿಯಾಗಿಯೂ ಮಾಡೆಂದು ಕೂಡಲಸಂಗನನ್ನು ಬೇಡಿದವರೂ ಆ ಅಣ್ಣನವರೇ ಅಲ್ಲವೆ! ಶ್ರುತಿಗೂಡದ ವೀಣೆಯನ್ನು ಅವರು ದೇವನ ಕೈಗೆ ಕೊಡಬಯಸಿದರೆಂದು ಭಾವಿಸಲಾಗದು. ಮೊದಲ ಮಾತು ವಿನಯದ್ದು, ಎರಡನೆಯದು ಅರ್ಪಣದ್ದು.

ಗವಾಯಿಗಳು ತಮಗೆ ಒದಗಿದ ವಿದ್ಯೆಯನ್ನು ತಮ್ಮಲ್ಲಿಯೇ ಇರಿಸಿಕೊಳ್ಳಲಿಲ್ಲ. ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಸಂಚಾರಿ ಶಾಲೆಯೆಂದರೆ ದಿನದಿನವೂ ಅನ್ನದ ಚಿಂತೆ. ಭಕ್ತರು ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. 1930ರಲ್ಲಿ ಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದಾಗ ಆ ಮಕ್ಕಳ ಭಾರವೆಲ್ಲ ಕಣ್ಣಿಲ್ಲದ ಈ ಗುರುವಿನ ಹೆಗಲಿಗೇ ಬಿದ್ದಿತು. ಆದರೂ ಶಾಲೆ ಮುರಿಯಲಿಲ್ಲ. ಕಡೆಗೆ ಗದುಗಿನಲ್ಲಿ ನೆಲೆ ದೊರೆತು, ವೀರೇಶ್ವರ ಪುಣ್ಯಾಶ್ರಮವಾಗಿ ಬೇರೂರಿತು.

ಅಲ್ಲಿ ಕಲಿತವರಲ್ಲಿ ಬಸವರಾಜ ರಾಜಗುರುಗಳು ಹಿಂದೂಸ್ಥಾನಿ ಗಾಯನದಲ್ಲಿ ದೇಶಪ್ರಸಿದ್ಧರಾದರು. ಸಿದ್ಧರಾಮ ಜಂಬಲದಿನ್ನಿಯವರು ವಚನಗಾಯನದಿಂದ ಮನೆಮಾತಾದರು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಹೊಣೆಯನ್ನು ಹೊತ್ತವರು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು. ಅವರೂ ಹಾನಗಲ್ಲ ಸೀಮೆಯವರೇ, ದೇವಗಿರಿಯವರು; ಅವರೂ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. 2010ರಲ್ಲಿ ಲಿಂಗೈಕ್ಯರಾಗುವವರೆಗೆ, ಅರುವತ್ತಾರು ವರ್ಷಗಳ ಕಾಲ, ಅವರು ಆ ಮಕ್ಕಳನ್ನು ಸಲಹಿದರು.