ರೆಪ್ಟನ್‌ನ ಕೆಂಪು ಪುಸ್ತಕಗಳು

ನಕ್ಷೆಯನ್ನು ಮೇಜಿನ ಮೇಲೆ ಹರಡಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಅರ್ಥವಾದವರು ವಿರಳ. ಸರ್ಕಾರಿ ಸೇವೆಯಲ್ಲಿದ್ದಾಗ ಇಂಥ ಸಭೆಗಳಲ್ಲಿ ನಾನೂ ತಲೆಯಾಡಿಸಿದ್ದೇನೆ. ಮೆಟ್ಟಿಲು ಎಲ್ಲಿ ಬರುತ್ತದೆಂಬುದು ಕಟ್ಟಡ ಎದ್ದ ಮೇಲಷ್ಟೇ ತಿಳಿಯುತ್ತಿತ್ತು. ಈ ತೊಡಕಿಗೆ ಇಂಗ್ಲೆಂಡಿನ ಉದ್ಯಾನ ವಿನ್ಯಾಸಕ ಹಂಫ್ರಿ ರೆಪ್ಟನ್ (1752–1818) ಎರಡು ಶತಮಾನಗಳ ಹಿಂದೆಯೇ ಒಂದು ಪರಿಹಾರ ಕಂಡುಕೊಂಡಿದ್ದ.

ನಾರ್ವಿಚ್‌ನಲ್ಲಿ ಆತ ನಡೆಸಿದ ಬಟ್ಟೆ ವ್ಯಾಪಾರ ಕೈಹಿಡಿಯಲಿಲ್ಲ. ಅಂಚೆ ಗಾಡಿಗಳ ಯೋಜನೆಯಲ್ಲಿ ತೊಡಗಿಸಿದ ಹಣವೂ ಹೋಯಿತು. 1788ರಲ್ಲಿ, 36ನೆಯ ವಯಸ್ಸಿನಲ್ಲಿ, ಉಳಿದಿದ್ದ ಬಂಡವಾಳವೆಂದರೆ ಜಲವರ್ಣದ ಕೈಚಳಕ. ಹೆಸರಾಂತ ‘ಕೇಪಬಿಲಿಟಿ’ ಬ್ರೌನ್ 1783ರಲ್ಲೇ ತೀರಿಕೊಂಡು, ಆ ಸ್ಥಾನ ತೆರವಾಗಿತ್ತು.

ಅವನನ್ನು ಕರೆಸಿಕೊಳ್ಳುತ್ತಿದ್ದವರು ಭೂಮಾಲೀಕರು. ಎಕರೆ, ಗೇಣಿಗಳ ಲೆಕ್ಕ ಬಲ್ಲವರಿಗೂ ನಕ್ಷೆಯ ಗೆರೆಗಳು ಮೂಕವೇ. ರೆಪ್ಟನ್ ಅವರಿಗಾಗಿ ಕೆಂಪು ಚರ್ಮದ ಹೊದಿಕೆಯ ಪುಸ್ತಕವೊಂದನ್ನು ಸಿದ್ಧಪಡಿಸುತ್ತಿದ್ದ. ಒಳಗೆ ಕೈಬರಹದ ವಿವರಣೆ, ಜಲವರ್ಣ ಚಿತ್ರಗಳು. ಚಿತ್ರದ ಒಂದು ಭಾಗವನ್ನು, ಅಂಚಿಗೆ ಅಂಟಿಸಿದ ಕಾಗದದ ತುಂಡೊಂದು ಮುಚ್ಚಿರುತ್ತಿತ್ತು. ಅದರ ಮೇಲೆ ಇದ್ದ ಸ್ಥಿತಿ: ಬೇಲಿ, ಬೋಳು ದಿಬ್ಬ. ಮಾಲೀಕ ಬೆರಳಿನಿಂದ ಅದನ್ನು ಎತ್ತಿದರೆ ಕೆಳಗೆ ಮುಂದೆ ಬರಲಿರುವ ಕೊಳ, ಮರಗಳ ಗುಂಪು. ಆಕಾಶದಿಂದ ನೋಡಿದ ನಕ್ಷೆಯಲ್ಲ, ತನ್ನ ಕಿಟಕಿಯಲ್ಲಿ ನಿಂತು ತಾನೇ ಕಾಣುವ ನೋಟ. ತುಂಡಿನ ಆಚೆಗಿನ ಚಿತ್ರ ಹಾಗೆಯೇ ಉಳಿಯುವುದರಿಂದ, ಬದಲಾಗುವುದು ಎಷ್ಟು, ಉಳಿಯುವುದು ಎಷ್ಟು ಎಂಬುದೂ ಸ್ಪಷ್ಟವಾಗುತ್ತಿತ್ತು.

ಕಾಗದದ ಓಕ್ ಮರಗಳು ನೆಲದಲ್ಲೂ ಅದೇ ಆಕಾರದಲ್ಲಿ ಬೆಳೆಯುತ್ತವೆಂದು ಶ್ರೀಮಂತರು ನಂಬಿಬಿಡುತ್ತಾರೆ ಎಂದು ಕವಿ ವಿಲಿಯಂ ಮೇಸನ್ ಗೇಲಿ ಮಾಡಿದ. ಆಕ್ಷೇಪದಲ್ಲಿ ಹುರುಳಿದೆ, ಇಂದಿನ ಬಡಾವಣೆಗಳ ಜಾಹೀರಾತು ಕಂಡವರಿಗೆ ಅದನ್ನು ವಿವರಿಸಬೇಕಿಲ್ಲ.

ಅರ್ಥಶಾಸ್ತ್ರ ಓದಿದ ನನ್ನನ್ನು ಕಾಡುವುದು ಬೇರೆ ಸಂಗತಿ. ಬ್ರೌನ್ ಕಾಮಗಾರಿಯ ಗುತ್ತಿಗೆಯನ್ನೂ ಹಿಡಿದು ಸಿರಿವಂತನಾದ. ರೆಪ್ಟನ್ ಪಡೆದದ್ದು ಸಲಹೆಯ ಶುಲ್ಕವನ್ನಷ್ಟೇ. ಪುಸ್ತಕ ಅಷ್ಟು ಚೆಂದವಿದ್ದುದರಿಂದ ಎಷ್ಟೋ ಮಾಲೀಕರು ಅದನ್ನು ಗ್ರಂಥಾಲಯದಲ್ಲಿಟ್ಟು, ಅತಿಥಿಗಳಿಗೆ ತೋರಿಸಿ ತೃಪ್ತರಾದರು. ಮತ್ತೆ ಕೆಲವರು ಅದನ್ನೇ ಆಧಾರವಾಗಿಟ್ಟುಕೊಂಡು ತಮ್ಮ ಆಳುಗಳಿಂದ ಕೆಲಸ ಮಾಡಿಸಿದರು. ಎಲ್ಲವೂ ತಿಳಿಯಾಗಿದ್ದ ಮೇಲೆ ಬರೆದವನ ಹಂಗೇಕೆ? ನಾನೂರಕ್ಕೂ ಹೆಚ್ಚು ಕಡೆ ಸಲಹೆ ನೀಡಿದರೂ ಆತ ಧನಿಕನಾಗಲಿಲ್ಲ.

1811ರಲ್ಲಿ ಗಾಡಿ ಉರುಳಿ ಬೆನ್ನುಮೂಳೆಗೆ ಪೆಟ್ಟಾಯಿತು. ಮರುವರ್ಷ ನಾರ್ಫೋಕ್‌ನ ಶೆರಿಂಗ್‌ಹ್ಯಾಮ್‌ಗಾಗಿ, ತನಗೆ ಎಲ್ಲಕ್ಕಿಂತ ಪ್ರಿಯವಾದ ವಿನ್ಯಾಸವನ್ನು ರಚಿಸಿದ. ಮನೆಯ ವಿನ್ಯಾಸದಲ್ಲಿ ಮಗ ಜಾನ್ ಜೊತೆಗಿದ್ದ. ಅದನ್ನು ಕಟ್ಟಿಸಹೊರಟ ಮಾಲೀಕ ಆ್ಯಬಟ್ ಅಪ್ಚರ್, ರೆಪ್ಟನ್ ತೀರಿಕೊಂಡ ಮರುವರ್ಷ, 1819ರಲ್ಲಿ, ಗೃಹಪ್ರವೇಶಕ್ಕೂ ಮುನ್ನವೇ ಸತ್ತ. ದಾರಿಯ ತಿರುವಿನಲ್ಲಿ ಆ ಮನೆ ಥಟ್ಟನೆ ಕಣ್ಣಿಗೆ ಬೀಳುವ ನೋಟವನ್ನು, ನ್ಯಾಷನಲ್ ಟ್ರಸ್ಟ್‌ನ ಸುಪರ್ದಿಯಲ್ಲಿರುವ ಆ ಉದ್ಯಾನಕ್ಕೆ ಹೋದವರು ಇಂದಿಗೂ ಕಾಣಬಹುದು.